ಮರ ದಪ್ಪವಾಗುವುದು ಎಲ್ಲಿಂದ? ಹೆದ್ದಾರಿ ಬದಿಯ ಮರಗಳ ಜಗಳಕ್ಕೆ ಒಂದು ಹಿನ್ನೆಲೆ

ಎರಡು ಬಗೆಯ ಸುದ್ದಿಗಳು ಈಚೆಗೆ ಪಕ್ಕಪಕ್ಕದಲ್ಲೇ ಕಾಣಿಸಿಕೊಳ್ಳುತ್ತಿವೆ. ಒಂದು ವಿಜ್ಞಾನದ ಸುದ್ದಿ. ಮರದ ಕಾಂಡ ದಪ್ಪವಾಗಲು ಕಾರಣವಾದ ಸ್ಟೆಮ್ ಸೆಲ್‌ಗಳು, ಅಂದರೆ ಆಕರಕೋಶಗಳು, ಹೇಗೆ ಕೆಲಸ ಮಾಡುತ್ತವೆ ಎಂದು ಗೊತ್ತಾಗಿದೆ, ಇನ್ನು ಮುಂದೆ ಮರಗಳನ್ನು ಎರಡು ಪಟ್ಟು ವೇಗದಲ್ಲಿ ಬೆಳೆಸಬಹುದು ಎನ್ನುತ್ತದೆ ಅದು. ಇನ್ನೊಂದು ನಮ್ಮ ಕರಾವಳಿಯ ಸುದ್ದಿ. ಕುಲಶೇಖರದಿಂದ ಸಾಣೂರಿನವರೆಗಿನ ಹೆದ್ದಾರಿ 169 ಆಗಲಿ, ಮಲ್ಪೆಯಿಂದ ತೀರ್ಥಹಳ್ಳಿ ಕಡೆಗೆ ಹೋಗುವ 169ಎ ಆಗಲಿ, ರಸ್ತೆ ಅಗಲವಾಗುವಲ್ಲೆಲ್ಲ ಮರಗಳ ಪ್ರಶ್ನೆ ಏಳುತ್ತದೆ. ಆಗ ಕೇಳಿಬರುವ ಸಮಾಧಾನವೂ ಎರಡೇ: ಆಗುವಷ್ಟು ಮರಗಳನ್ನು ಬುಡಸಮೇತ ಎತ್ತಿ ಬೇರೆ ಕಡೆ ನೆಡೋಣ, ಕಡಿದ ಒಂದಕ್ಕೆ ಹತ್ತು ಸಸಿ ಇಡೋಣ.

ಎರಡನ್ನೂ ಓದಿದವರಿಗೆ ಗೊಂದಲ ಆಗುವುದು ಸಹಜ. ಮರದಲ್ಲಿ ಎಂದಿಗೂ ಮುಗಿಯದ ಆಕರಕೋಶಗಳಿವೆ ಅಂದಮೇಲೆ ಎತ್ತಿ ನೆಟ್ಟ ಮರ ಯಾಕೆ ಒಣಗುತ್ತದೆ? ಮರಗಳನ್ನು ಬೇಗ ದಪ್ಪ ಮಾಡಬಹುದಾದರೆ ಹಳೆಯ ಮರಕ್ಕಾಗಿ ಇಷ್ಟು ಜಗಳ ಯಾಕೆ? ಉತ್ತರ ಇರುವುದು ತೊಗಟೆಯ ಅಡಿಯ ಒಂದು ತೆಳುವಾದ ಪದರದಲ್ಲಿ. ಆ ಪದರದ ಕೆಲಸ ಅರ್ಥವಾದರೆ ಎರಡೂ ಸುದ್ದಿಗಳಲ್ಲಿ ಎಷ್ಟನ್ನು ನಂಬಬಹುದು ಎನ್ನುವುದೂ ಅರ್ಥವಾಗುತ್ತದೆ.

ಬೆಳೆಯುವುದು ಒಂದೇ ಪದರ

ಮರ ಎತ್ತರ ಆಗುವುದು ಕೊಂಬೆಗಳ ತುದಿಯಲ್ಲಿ ಮಾತ್ರ. ಎದೆಯೆತ್ತರಕ್ಕೆ ಹೊಡೆದ ಮೊಳೆ ಇಪ್ಪತ್ತು ವರ್ಷ ಕಳೆದರೂ ಎದೆಯೆತ್ತರದಲ್ಲೇ ಇರುತ್ತದೆ, ಮೇಲಕ್ಕೆ ಹೋಗುವುದಿಲ್ಲ. ಆದರೆ ಅದು ನಿಧಾನಕ್ಕೆ ಮರದ ಒಳಗೆ ಹೂತುಹೋಗುತ್ತದೆ, ಯಾಕೆಂದರೆ ಕಾಂಡ ದಪ್ಪವಾಗುತ್ತಾ ಇರುತ್ತದೆ. ಈ ದಪ್ಪವಾಗುವ ಕೆಲಸ ಮಾಡುವುದು ಕ್ಯಾಂಬಿಯಂ. ತೊಗಟೆಗೂ ಒಳಗಿನ ಮರಕ್ಕೂ ನಡುವೆ, ಬುಡದಿಂದ ಕೊಂಬೆಯವರೆಗೆ, ಮರವನ್ನು ಸುತ್ತಿಕೊಂಡಿರುವ ಕೆಲವೇ ಕೋಶಗಳಷ್ಟು ತೆಳುವಾದ ಪದರ ಅದು. ಆಕರಕೋಶಗಳು ಇರುವುದು ಅಲ್ಲೇ.

ಈ ಕೋಶಗಳು ಒಡೆದು ಎರಡಾಗುತ್ತಲೇ ಇರುತ್ತವೆ. ಒಳಬದಿಗೆ ಬಿದ್ದ ಕೋಶ ಕ್ಸೈಲಂ ಆಗುತ್ತದೆ, ಬೇರಿನಿಂದ ನೀರನ್ನು ಮೇಲಕ್ಕೆ ಒಯ್ಯುತ್ತದೆ. ನಾವು ಮರ, ಹಲಗೆ, ಕಟ್ಟಿಗೆ ಎಂದು ಕರೆಯುವುದು ಇದನ್ನೇ. ಹೊರಬದಿಗೆ ಬಿದ್ದದ್ದು ಫ್ಲೋಯಂ ಆಗುತ್ತದೆ, ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಬೇರಿಗೆ ಇಳಿಸುತ್ತದೆ. ಹೊರಗಿಗಿಂತ ಒಳಗೆ ಬೀಳುವ ಕೋಶಗಳೇ ಜಾಸ್ತಿ. ಹಾಗಾಗಿ ತೊಗಟೆ ತೆಳುವಾಗಿ ಉಳಿದು ಮರದ ಭಾಗ ದಪ್ಪವಾಗುತ್ತದೆ.

ಒಳಗಿನ ಹಳೆಯ ಕ್ಸೈಲಂ ಕಾಲಕ್ರಮದಲ್ಲಿ ಸತ್ತು ಗಟ್ಟಿಯಾಗಿ ತಿರುಳಾಗುತ್ತದೆ. ಹಲಸಿನ ಬಾಗಿಲಿಗೆ, ಮಂಚಕ್ಕೆ ಬಡಗಿಗಳು ಹುಡುಕುವ ಹಳದಿ ತಿರುಳು ಇದೇ. ಅಂದರೆ ಮರದ ಬಹುಪಾಲು ಜೀವವಿಲ್ಲದ್ದು, ಜೀವವೆಲ್ಲ ಹೊರಗಿನ ಅಂಚಿನಲ್ಲಿ. ಪೊಟರೆ ಬಿದ್ದ ಮರ ವರ್ಷವರ್ಷ ಚಿಗುರುವುದು ಇದರಿಂದಲೇ. ತಿರುಳು ಕೊಳೆತರೂ ಅಂಚಿನ ಪದರ ಸರಿಯಾಗಿದ್ದರೆ ಅದರ ಬದುಕಿಗೆ ತೊಂದರೆಯಿಲ್ಲ. ಗಾಳಿಗೆ ಮುರಿಯುತ್ತದೋ ಇಲ್ಲವೋ ಅನ್ನುವುದು ಬೇರೆ ಪ್ರಶ್ನೆ, ಅದನ್ನು ಪರೀಕ್ಷೆ ಮಾಡಿಯೇ ಹೇಳಬೇಕು. ಪೊಟರೆ ಇದೆ ಎಂಬ ಒಂದೇ ಕಾರಣಕ್ಕೆ ‘ಸತ್ತ ಮರ’ ಎಂದು ಬರೆದು ಕೊಡಲಿ ಹಾಕುವುದು ಮಾತ್ರ ತಪ್ಪು.

ಈ ಪದರವನ್ನು ದಿನಾ ಮೈಯೆಲ್ಲ ಕಣ್ಣಾಗಿ ಕಾಪಾಡುವವರು ನಮ್ಮಲ್ಲೇ ಇದ್ದಾರೆ. ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯ ರಬ್ಬರ್ ಟ್ಯಾಪರ್‌ಗಳು. ಹಾಲಿನ ನಾಳಗಳು ಜಾಸ್ತಿ ಇರುವುದು ತೊಗಟೆಯ ಒಳಭಾಗದಲ್ಲಿ, ಕ್ಯಾಂಬಿಯಂಗೆ ತೀರಾ ಹತ್ತಿರ. ಕತ್ತಿ ತೊಗಟೆಯ ಹೊರಭಾಗದಲ್ಲಷ್ಟೇ ಹೋದರೆ ಹಾಲು ಕಮ್ಮಿ. ಆಳಕ್ಕೆ ಹೋದರೆ ಕ್ಯಾಂಬಿಯಂಗೆ ಗಾಯ. ಸುಮಾರು ಒಂದು ಮಿಲಿಮೀಟರ್ ಬಿಟ್ಟು ಕತ್ತಿ ಎಳೆಯಬೇಕು, ಅದೂ ಬೆಳಕು ಹರಿಯುವ ಮೊದಲು, ತಲೆಗೆ ಕಟ್ಟಿದ ಟಾರ್ಚಿನ ಬೆಳಕಿನಲ್ಲಿ. ಪದರ ಉಳಿದರೆ ಕೆತ್ತಿದ ಜಾಗದಲ್ಲಿ ಕೆಲವು ವರ್ಷಕ್ಕೆ ಹೊಸ ತೊಗಟೆ ನಯವಾಗಿ ತುಂಬಿಕೊಂಡು ಮತ್ತೆ ಟ್ಯಾಪಿಂಗ್‌ಗೆ ಸಿಗುತ್ತದೆ. ಗಾಯವಾದರೆ ಅಲ್ಲಿ ಗಂಟುಗಂಟಾಗಿ ಎದ್ದು ಕತ್ತಿಯೇ ಓಡುವುದಿಲ್ಲ.

ಕಸಿ ಕಟ್ಟುವುದೂ ಇದೇ ಪದರದ ಲೆಕ್ಕ. ಗೇರಿಗೆ, ಮಾವಿಗೆ ಕಸಿ ಕಟ್ಟುವಾಗ ಎರಡೂ ಕಡ್ಡಿಗಳ ಕ್ಯಾಂಬಿಯಂ ಒಂದಕ್ಕೊಂದು ತಾಗಬೇಕು. ತಾಗದಿದ್ದರೆ ಎಷ್ಟು ಬಿಗಿಯಾಗಿ ಕಟ್ಟಿದರೂ ಕಸಿ ಹಿಡಿಯುವುದಿಲ್ಲ.

ಪ್ರಯೋಗಾಲಯದಲ್ಲಿ ಸಿಕ್ಕಿದ್ದೇನು?

ಕ್ಯಾಂಬಿಯಂ ಇರುವುದು ಹಳೆಯ ವಿಷಯ. ಆ ಪದರದಲ್ಲಿ ಯಾವ ಕೋಶ ಆಕರಕೋಶವಾಗಿ ಉಳಿಯಬೇಕು, ಯಾವುದು ಮರವಾಗಬೇಕು ಎನ್ನುವುದನ್ನು ನಿರ್ಧರಿಸುವುದು ಯಾವುದು? ಇದು ಬಹಳ ಕಾಲ ಸ್ಪಷ್ಟವಿರಲಿಲ್ಲ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ತಂಡ 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದಕ್ಕೆ ಒಂದು ಉತ್ತರ ಪ್ರಕಟಿಸಿತು. ಸಾಸಿವೆಯ ಜಾತಿಗೆ ಸೇರಿದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಬೇರಿನಲ್ಲಿ ಅವರು ನೋಡಿದ್ದು ಇಷ್ಟು: ಆಕ್ಸಿನ್ ಎಂಬ ಹಾರ್ಮೋನಿನ ಪ್ರಭಾವ ಎಲ್ಲಿ ಅತಿ ಜಾಸ್ತಿಯೋ ಆ ಕೋಶಗಳು ತಾವು ಕ್ಸೈಲಂ ಆಗುತ್ತವೆ, ಪಕ್ಕದ ಕೋಶಗಳನ್ನು ಆಕರಕೋಶಗಳಾಗಿ ಉಳಿಸುತ್ತವೆ. ಒಂದೇ ಆಕರಕೋಶ ಒಳಕ್ಕೂ ಹೊರಕ್ಕೂ ಕೋಶಗಳನ್ನು ಕೊಡುತ್ತದೆ ಎಂಬುದನ್ನು ಅದೇ ವರ್ಷ ಜರ್ಮನಿಯ ಹೈಡೆಲ್‌ಬರ್ಗ್ ತಂಡ ತೋರಿಸಿತು.

ಆಕ್ಸಿನ್ ಮುಖ್ಯವಾಗಿ ಹುಟ್ಟುವುದು ಚಿಗುರಿನಲ್ಲಿ, ಎಳೆ ಎಲೆಗಳಲ್ಲಿ. ಅಲ್ಲಿಂದ ಕಾಂಡದಲ್ಲಿ ಕೆಳಗಿಳಿಯುತ್ತದೆ. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು, ಮರ ಎತ್ತಿ ನೆಡುವ ವಿಷಯಕ್ಕೆ ಬಂದಾಗ ಇದು ಬೇಕಾಗುತ್ತದೆ.

‘ಎರಡು ಪಟ್ಟು ವೇಗ’ ಎಂಬ ಮಾತು ಬಂದದ್ದು ಇನ್ನೊಂದು ಪ್ರಯೋಗದಿಂದ. ಫ್ಲೋಯಂ ಕಡೆಯಿಂದ ಒಂದು ಚಿಕ್ಕ ಪ್ರೋಟೀನ್ ತುಣುಕು ಹೊರಟು ಕ್ಯಾಂಬಿಯಂ ಕೋಶಗಳ ಮೇಲಿನ ಗ್ರಾಹಕವನ್ನು ಸೇರಿ, ‘ಒಡೆಯುತ್ತಾ ಇರು’ ಎಂಬ ಸೂಚನೆ ಕೊಡುತ್ತದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ತಂಡ 2015ರಲ್ಲಿ ಪೋಪ್ಲಾರ್ ಜಾತಿಯ ಮರದಲ್ಲಿ ಈ ಎರಡರ ಜೀನ್‌ಗಳನ್ನು ಜೋರು ಮಾಡಿ ನೋಡಿತು. ಸೂಚನೆಯನ್ನು ಕಾಂಡದ ಎಲ್ಲ ಕಡೆ ಹೆಚ್ಚಿಸಿದಾಗ ಒಳಗಿನ ನಾಳಗಳ ಜೋಡಣೆಯೇ ಕೆಟ್ಟಿತು. ತುಣುಕನ್ನು ಫ್ಲೋಯಂನಲ್ಲಿ ಮಾತ್ರ, ಗ್ರಾಹಕವನ್ನು ಕ್ಯಾಂಬಿಯಂನಲ್ಲಿ ಮಾತ್ರ ಹೆಚ್ಚಿಸಿದಾಗ ಜೋಡಣೆ ಅಚ್ಚುಕಟ್ಟಾಗಿ ಉಳಿಯಿತು, ಮರ ಕಟ್ಟುವ ವೇಗ ಎರಡು ಪಟ್ಟಾಯಿತು. ಗಿಡಗಳು ಎತ್ತರವೂ ಆದವು. ಇದು ನಿಜವಾಗಿಯೂ ದೊಡ್ಡ ಸಾಧನೆ. ಬರೀ ವೇಗ ಹೆಚ್ಚಿಸಿದರೆ ಸಾಲದು, ಸೂಚನೆ ಸರಿಯಾದ ಕಡೆಯಿಂದಲೇ ಬರಬೇಕು ಎಂಬುದನ್ನು ಅದು ತೋರಿಸಿಕೊಟ್ಟಿತು.

ಆದರೆ ಅದು ನಮ್ಮ ಮಾವು, ಹಲಸು, ಧೂಪಕ್ಕೆ ಬಂದಿಲ್ಲ. ಅದು ಜೀನ್ ಬದಲಿಸಿದ ಗಿಡ. ಭಾರತದಲ್ಲಿ ಇಂಥ ಗಿಡವನ್ನು ಬಯಲಿನಲ್ಲಿ ಬೆಳೆಸಲು ಕೇಂದ್ರದ ಜೆನೆಟಿಕ್ ಎಂಜಿನಿಯರಿಂಗ್ ಅಪ್ರೈಸಲ್ ಕಮಿಟಿಯ ಒಪ್ಪಿಗೆ ಬೇಕು. ಹತ್ತಿರದ ಉದಾಹರಣೆ ರಬ್ಬರೇ. ಜೀನ್ ಬದಲಿಸಿದ ರಬ್ಬರ್ ಗಿಡವನ್ನು ಪ್ರಯೋಗಕ್ಕಾಗಿ 2021ರಲ್ಲಿ ಗುವಾಹಟಿ ಬಳಿ ನೆಟ್ಟರು. ಅದಕ್ಕೂ ಮೊದಲು ಕೇರಳದಲ್ಲಿ ಆ ಪ್ರಯೋಗಕ್ಕೆ ರಾಜ್ಯ ಸರಕಾರ ಒಪ್ಪಿರಲಿಲ್ಲ. ಚಳಿ, ಬರ ತಡೆದುಕೊಂಡು ಗಿಡ ಬೇಗ ಬೆಳೆಯಲಿ ಎನ್ನುವುದು ಪರವಾಗಿರುವವರ ವಾದ. ದಶಕಗಳ ಕಾಲ ಬಯಲಲ್ಲಿ ನಿಲ್ಲುವ, ದೂರದವರೆಗೆ ಪರಾಗ ಹರಡುವ ಮರದ ವಿಷಯದಲ್ಲಿ ಅವಸರ ಬೇಡ ಎನ್ನುವುದು ವಿರೋಧಿಸುವವರ ವಾದ. ಎರಡಕ್ಕೂ ತೂಕವಿದೆ. ಏನೇ ಆದರೂ ಈ ಸಂಶೋಧನೆ ಪ್ಲಾಂಟೇಶನ್‌ಗಳ ಮುಂದಿನ ದಿನಗಳಿಗೆ ಸಂಬಂಧಪಟ್ಟದ್ದು. ಇವತ್ತು ರಸ್ತೆ ಬದಿಯಲ್ಲಿ ಕಡಿಯುವ ಮರಕ್ಕೆ ಇದು ಬದಲಿ ಅಲ್ಲ.

ಇನ್ನು ‘ಸಸ್ಯ ಸ್ಟೆಮ್ ಸೆಲ್’ ಎಂದು ಬರೆದ ಮುಖದ ಕ್ರೀಮುಗಳು. ಗಿಡದ ಆಕರಕೋಶ ಗಿಡದ ಒಳಗೆ ಮಾಡುವ ಕೆಲಸವನ್ನು ಮನುಷ್ಯನ ಚರ್ಮದ ಮೇಲೆ ಮಾಡಲಾರದು. ಅಷ್ಟೇ.

ತೆಂಗು, ಅಡಿಕೆಯ ಲೆಕ್ಕವೇ ಬೇರೆ

ಕರಾವಳಿಯಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಕಾಣುವ ತೆಂಗಿಗೂ ಅಡಿಕೆಗೂ ಈ ಪದರವೇ ಇಲ್ಲ! ಇವು ಹುಲ್ಲು, ಬಿದಿರುಗಳಂತೆ ಏಕದಳ ಸಸ್ಯಗಳು. ನೀರಿನ, ಸಕ್ಕರೆಯ ನಾಳಗಳು ಕಟ್ಟುಕಟ್ಟಾಗಿ ಕಾಂಡದ ತುಂಬ ಚದುರಿರುತ್ತವೆ. ತೆಂಗಿನ ಕಾಂಡ ತನ್ನ ದಪ್ಪವನ್ನೆಲ್ಲ ತುದಿಯಲ್ಲೇ, ಗರಿಗಳ ಬುಡದಲ್ಲೇ ಪಡೆದುಕೊಂಡು ಬರುತ್ತದೆ. ಆಮೇಲೆ ಸುತ್ತಳತೆ ಹೆಚ್ಚುವುದಿಲ್ಲ ಎಂದೇ ಹೇಳಬೇಕು.

ಇದರಿಂದ ಆಗುವ ಪರಿಣಾಮ ತೋಟದಲ್ಲೇ ಕಾಣುತ್ತದೆ. ಹತ್ತಲು ತೆಂಗಿನ ಮರಕ್ಕೆ ಕಡಿದ ಮೆಟ್ಟಿಲು ಮರ ಇರುವವರೆಗೂ ಹಾಗೇ ಇರುತ್ತದೆ, ತುಂಬಿಕೊಳ್ಳುವುದೇ ಇಲ್ಲ. ಮಾವಿನ ಗಾಯವನ್ನು ಸುತ್ತಲಿನ ಕ್ಯಾಂಬಿಯಂ ಅಂಚಿನಿಂದ ಮುಚ್ಚುತ್ತಾ ಬರುತ್ತದೆ. ತೆಂಗಿಗೆ ಆ ದಾರಿಯಿಲ್ಲ. ನೀರು, ಗೊಬ್ಬರ ಸಿಗದ ವರ್ಷಗಳಲ್ಲಿ ತುದಿಯಲ್ಲಿ ಕಾಂಡ ಸಪೂರವಾದರೆ ಆ ಸಪೂರ ಭಾಗವೂ ಹಾಗೇ ಉಳಿಯುತ್ತದೆ, ಮತ್ತೆ ಚೆನ್ನಾಗಿ ನೋಡಿಕೊಂಡರೆ ಅದರ ಮೇಲಿನಿಂದ ದಪ್ಪ ಶುರುವಾಗುತ್ತದೆ. ಎಳೆ ಅಡಿಕೆ ಮರದ ಕಾಂಡಕ್ಕೆ ಮಧ್ಯಾಹ್ನದ ನಂತರದ ಬಿಸಿಲು ಹೊಡೆದು ಬಿರುಕು ಬಿಡದಿರಲಿ ಎಂದು ರೈತರು ಸೋಗೆಯೋ ಹಾಳೆಯೋ ಕಟ್ಟುವುದು, ಸುಣ್ಣ ಬಳಿಯುವುದು ಸುಮ್ನೆ ಅಲ್ಲ. ಒಮ್ಮೆ ಬಿರುಕು ಬಿಟ್ಟರೆ ಅದನ್ನು ಮುಚ್ಚುವ ಪದರ ಆ ಮರದಲ್ಲಿಲ್ಲ.

ಇದಕ್ಕೆ ಇನ್ನೊಂದು ಮುಖವೂ ಇದೆ. ತಾಳೆ ಜಾತಿಯ ಮರಗಳು ಬುಡದಿಂದ ಹೊಸ ಬೇರುಗಳನ್ನು ಸುಲಭವಾಗಿ ಬಿಡುತ್ತವೆ, ಹಾಗಾಗಿ ಅವುಗಳನ್ನು ಎತ್ತಿ ನೆಟ್ಟರೆ ಬದುಕುವ ಸಾಧ್ಯತೆ ಜಾಸ್ತಿ. ಹೋಟೆಲು, ಮಾಲುಗಳ ಮುಂದೆ ರಾತ್ರೋರಾತ್ರಿ ಬಂದು ನಿಂತ ದೊಡ್ಡ ತಾಳೆ ಮರಗಳನ್ನು ತೋರಿಸಿ ‘ನೋಡಿ, ಮರ ಸ್ಥಳಾಂತರ ಎಷ್ಟು ಸುಲಭ’ ಎಂದು ಯಾರಾದರೂ ಹೇಳಿದರೆ, ಆ ಮಾತು ಧೂಪಕ್ಕೂ ಮಾವಿಗೂ ಹೊಂದುವುದಿಲ್ಲ.

ಹಸಿರಾಗಿಯೇ ಸಾಯುವ ಮರ

ಪೇಟೆಯಲ್ಲಿ ಕೆಲವು ಮರಗಳು ‘ತಾವಾಗಿಯೇ’ ಒಣಗುತ್ತವೆ. ಬುಡ ನೋಡಿದರೆ ತೊಗಟೆಯನ್ನು ಒಂದು ಸುತ್ತು ಪೂರ್ತಿ ಕೆತ್ತಿರುತ್ತಾರೆ. ಆ ಸುತ್ತಿನಲ್ಲಿ ಫ್ಲೋಯಂ ತುಂಡಾಗಿ ಸಕ್ಕರೆ ಕೆಳಗಿಳಿಯುವುದು ನಿಲ್ಲುತ್ತದೆ. ಒಳಗಿನ ಕ್ಸೈಲಂ ಹಾಗೇ ಇರುವುದರಿಂದ ನೀರು ಮೇಲೆ ಹೋಗುತ್ತಲೇ ಇರುತ್ತದೆ. ಎಲೆಗಳು ತಿಂಗಳುಗಟ್ಟಲೆ ಹಸಿರಾಗಿಯೇ ಕಾಣುತ್ತವೆ. ಅಷ್ಟರಲ್ಲಿ ಬೇರು ಉಪವಾಸ ಬಿದ್ದು ಸಾಯುತ್ತದೆ. ಬೇರು ಸತ್ತ ಮೇಲೆ ಎಲೆ ಬಾಡುತ್ತದೆ. ಗಾಯಕ್ಕೂ ಸಾವಿಗೂ ನಡುವೆ ಇಷ್ಟು ದಿನ ಕಳೆಯುವುದರಿಂದ ಕಾರಣ ಯಾರ ಕಣ್ಣಿಗೂ ಬೀಳುವುದಿಲ್ಲ. ಗೇರು ತೋಟದಲ್ಲಿ ಕಾಂಡ ಮತ್ತು ಬೇರು ಕೊರೆಯುವ ಹುಳ ಮಾಡುವುದೂ ಇದನ್ನೇ. ಅದು ತೊಗಟೆಯ ಅಡಿಯಲ್ಲಿ ತಿನ್ನುತ್ತಾ ಮರವನ್ನು ಸುತ್ತುತ್ತದೆ. ಎಲೆ ಹಳದಿಯಾದಾಗ ರೈತನಿಗೆ ಗೊತ್ತಾದರೆ ತುಂಬ ತಡವಾಗಿರುತ್ತದೆ.

ಸುತ್ತು ಪೂರ್ತಿಯಾಗುವುದಕ್ಕೂ ಒಂದು ಬದಿಯ ತೊಗಟೆ ಹೋಗುವುದಕ್ಕೂ ಅಜಗಜಾಂತರ. ಆಟಿ ಅಮಾವಾಸ್ಯೆಯ ಬೆಳಗಿನ ಜಾವ ಹಾಲೆ ಮರದ ಕೆತ್ತೆಯನ್ನು, ಅಂದರೆ ತೊಗಟೆಯನ್ನು, ಕಲ್ಲಿನಿಂದ ಜಜ್ಜಿ ತೆಗೆಯುವ ಪದ್ಧತಿ ತುಳುನಾಡಿನಲ್ಲಿದೆ. ಒಂದು ಬದಿಯಿಂದ ಅಂಗೈಯಷ್ಟು ತೆಗೆದರೆ ಉಳಿದ ಬದಿಯ ಕ್ಯಾಂಬಿಯಂ ಮರವನ್ನು ನಡೆಸುತ್ತದೆ, ಗಾಯವೂ ಮುಚ್ಚುತ್ತದೆ. ಆದರೆ ಊರಿಗೆ ಉಳಿದಿರುವುದು ಒಂದೇ ಹಾಲೆ ಮರ, ಬಂದವರೆಲ್ಲ ಸುತ್ತಲಿಂದಲೂ ಕೆತ್ತೆ ತೆಗೆದರು ಅಂದರೆ ಸುತ್ತು ಪೂರ್ತಿಯಾಗಿಬಿಡುತ್ತದೆ.

ಬೋರ್ಡು ಕಟ್ಟಲು ಸುತ್ತಿದ ತಂತಿ ಮೊಳೆಗಿಂತ ಅಪಾಯಕಾರಿ. ಮೊಳೆಯ ಗಾಯ ಒಂದು ಜಾಗದ್ದು. ತಂತಿ ಮಾತ್ರ ಕಾಂಡ ದಪ್ಪವಾದಂತೆಲ್ಲ ಬಿಗಿಯಾಗಿ ಕಡೆಗೆ ಸುತ್ತಲಿನ ಫ್ಲೋಯಂ ಅನ್ನೇ ಹಿಸುಕುತ್ತದೆ. ಬುಡದವರೆಗೆ ಹಾಕಿದ ಕಾಂಕ್ರೀಟು, ಇಂಟರ್‌ಲಾಕ್ ಹೆಂಚುಗಳೂ ಹಾಗೇ. ಬುಡ, ದಪ್ಪ ಬೇರುಗಳು ಪ್ರತಿ ವರ್ಷ ದಪ್ಪವಾಗಬೇಕು, ಅದಕ್ಕೆ ಜಾಗ ಇರುವುದಿಲ್ಲ. ನೀರು, ಗಾಳಿ ಇಳಿಯುವುದಿಲ್ಲ. ದೆಹಲಿಯಲ್ಲಿ ಮರಗಳ ಸುತ್ತ ಒಂದು ಮೀಟರ್‌ವರೆಗಿನ ಕಾಂಕ್ರೀಟ್ ತೆಗೆಯಬೇಕು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶ ಮಾಡಿದ್ದು ಇದೇ ಕಾರಣಕ್ಕೆ. ಮಂಗಳೂರಿನಲ್ಲಿ ಫುಟ್‌ಪಾತ್ ಮಾಡುವಾಗ ಈ ಒಂದು ಮೀಟರ್ ಬಿಡುವುದಕ್ಕೆ ಖರ್ಚೇನೂ ಇಲ್ಲ, ಉಳಿಯುವುದೇ.

ಎತ್ತಿ ನೆಟ್ಟರೆ ಬದುಕುತ್ತದಾ?

ಈಗ ಮುಖ್ಯ ಜಗಳಕ್ಕೆ ಬರೋಣ. ರಸ್ತೆ ಮಾಡುವವರ ಮಾತಿನಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಇಕ್ಕಟ್ಟಾದ ರಸ್ತೆ, ತಿರುವುಗಳಲ್ಲಿ ಅಪಘಾತ, ಹೆಚ್ಚುತ್ತಿರುವ ವಾಹನ, ಎಲ್ಲವೂ ನಿಜ. ಕಡಿಯುವ ಬದಲು ಎತ್ತಿ ನೆಡುತ್ತೇವೆ ಎನ್ನುವುದು ಕೇಳಲು ಒಳ್ಳೆಯ ದಾರಿಯೇ. ಪರಿಸರದವರು ಮಾತ್ರ ಇದು ಕಣ್ಣೊರೆಸುವ ತಂತ್ರ ಎನ್ನುತ್ತಾರೆ. ಯಾರು ಸರಿ ಎನ್ನುವುದು ಮರದ ಜಾತಿಯ ಮೇಲೆ ನಿಂತಿದೆ.

ದೊಡ್ಡ ಮರವನ್ನು ಎತ್ತುವಾಗ ನೀರು ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮಣ್ಣಿನಲ್ಲೇ ಉಳಿದುಬಿಡುತ್ತವೆ. ಲಾರಿಗೆ ಹಿಡಿಸಲು, ನೀರು ಆವಿಯಾಗುವುದನ್ನು ತಡೆಯಲು ಕೊಂಬೆ ಕಡಿಯುತ್ತಾರೆ. ಕೊಂಬೆ ಹೋದರೆ ಚಿಗುರು ಹೋಯಿತು. ಚಿಗುರು ಹೋದರೆ ಆಕ್ಸಿನ್ ಇಳಿಯುವುದು ನಿಂತಿತು. ಎಲೆಯಿಲ್ಲ, ಸಕ್ಕರೆಯೂ ಇಲ್ಲ. ಸೂಚನೆಯೂ ಆಹಾರವೂ ನೀರೂ ಒಂದೇ ಸಲಕ್ಕೆ ನಿಂತಾಗ ಕ್ಯಾಂಬಿಯಂ ಕೆಲಸ ನಿಲ್ಲಿಸುತ್ತದೆ. ಆಕರಕೋಶಗಳು ಇನ್ನೂ ಜೀವಂತ, ಆದರೆ ಒಡೆದು ಎರಡಾಗಲು ಅವುಗಳಿಗೆ ಬೇಕಾದದ್ದು ಏನೂ ಸಿಗುತ್ತಿಲ್ಲ. ಸರಪಣಿಯಿಂದ ಎತ್ತುವಾಗ ತೊಗಟೆ ಜಜ್ಜಿದರೆ ಆ ಜಾಗದ ಪದರವೂ ಹೋಯಿತು.

ಕೆಲವು ವಾರಕ್ಕೆ ಬೋಳು ಕಾಂಡದಲ್ಲಿ ಚಿಗುರು ಕಾಣಿಸುತ್ತದೆ. ಫೋಟೊ ಬರುತ್ತದೆ, ‘ಸ್ಥಳಾಂತರ ಯಶಸ್ವಿ’ ಎಂದು ಬರೆಯುತ್ತಾರೆ. ಗೊಂದಲದ ಮೂಲ ಇಲ್ಲೇ ಇದೆ. ಆ ಚಿಗುರು ಬಂದಿರುವುದು ಕಾಂಡದಲ್ಲಿ ಮೊದಲೇ ಕೂಡಿಟ್ಟ ಪಿಷ್ಟದಿಂದ. ಹೊಸ ಬೇರು ಬಂದು ಹೊಸ ಕ್ಸೈಲಂ ಕಟ್ಟುವ ಮೊದಲು ಆ ದಾಸ್ತಾನು ಮುಗಿದರೆ ಮುಂದಿನ ಬೇಸಿಗೆಯಲ್ಲಿ ಮರ ಒಣಗುತ್ತದೆ. ಆಗ ಫೋಟೊ ತೆಗೆಯಲು ಯಾರೂ ಇರುವುದಿಲ್ಲ.

ಗೋಳಿ, ಅಶ್ವತ್ಥ, ಅತ್ತಿಯಂಥವು ಬದುಕುವುದಕ್ಕೂ ಕಾರಣವಿದೆ. ಇವುಗಳ ಕಾಂಡ ಎಲ್ಲಿ ಬೇಕಾದರೂ ಬೇರು ಬಿಡಬಲ್ಲದು, ದಪ್ಪ ಗೂಟ ನೆಟ್ಟರೂ ಚಿಗುರುತ್ತವೆ. ಗೋಳಿಯ ಬಿಳಲೇ ಇದಕ್ಕೆ ಸಾಕ್ಷಿ. ತಾಯಿಬೇರು ಆಳಕ್ಕಿಳಿದ ಹಳೆಯ ಮಾವು, ಹಲಸು, ಧೂಪಗಳಿಗೆ ಈ ಗುಣ ಕಡಿಮೆ. ಆದ್ದರಿಂದ ಗೋಳಿಯನ್ನು ಎತ್ತಿ ನೆಡುವುದು ಒಪ್ಪತಕ್ಕ ಪ್ರಯತ್ನ, ಅದೂ ಮಳೆಗಾಲದ ಹೊಸ್ತಿಲಲ್ಲಿ ಮಾಡಿದರೆ. ದೊಡ್ಡ ಧೂಪವನ್ನು ಫೆಬ್ರವರಿಯಲ್ಲಿ ಎತ್ತಿದರೆ ಅದು ಕಡಿಯುವುದಕ್ಕೆ ಸಮ, ಖರ್ಚು ಮಾತ್ರ ಜಾಸ್ತಿ.

ಒಂದಕ್ಕೆ ಹತ್ತು ಸಸಿ

ಇದು ನ್ಯಾಯವಾದ ಲೆಕ್ಕದಂತೆ ಕಾಣುತ್ತದೆ. ಆದರೆ ಮರ ಒಂದು ವರ್ಷದಲ್ಲಿ ಎಷ್ಟು ಹೊಸ ಕಟ್ಟಿಗೆ ಕಟ್ಟುತ್ತದೆ ಎನ್ನುವುದನ್ನು ನಿರ್ಧರಿಸುವುದು ಕ್ಯಾಂಬಿಯಂನ ವಿಸ್ತಾರ. ಒಂದು ಲೆಕ್ಕ ಹಾಕಿ ನೋಡೋಣ. ಸುತ್ತಳತೆ 3 ಮೀಟರ್, ಕಾಂಡದ ಉದ್ದ 10 ಮೀಟರ್ ಇರುವ ಮರ ವರ್ಷಕ್ಕೆ ಅರ್ಧ ಸೆಂಟಿಮೀಟರ್ ದಪ್ಪದ ಪದರ ಕಟ್ಟಿದರೆ, ಹೊಸ ಕಟ್ಟಿಗೆ ಸುಮಾರು 1.5 ಲಕ್ಷ ಘನ ಸೆಂಟಿಮೀಟರ್. ಕೊಂಬೆಗಳನ್ನು ಇದರಲ್ಲಿ ಸೇರಿಸಿಲ್ಲ. ಸುತ್ತಳತೆ 15 ಸೆಂಟಿಮೀಟರ್, ಎತ್ತರ 2 ಮೀಟರ್ ಇರುವ ಸಸಿ ಅಷ್ಟೇ ದಪ್ಪದ ಪದರ ಕಟ್ಟಿದರೆ ಬರುವುದು 1,500. ಆ ವರ್ಷದ ಮಟ್ಟಿಗೆ ಒಂದು ಹಳೆಯ ಮರಕ್ಕೆ ನೂರು ಸಸಿ ಬೇಕು, ನೂರೂ ಬದುಕಿರಬೇಕು.

ಇದು ಕಾಗದದ ಲೆಕ್ಕ ಮಾತ್ರ ಅಲ್ಲ. 403 ಜಾತಿಯ ಮರಗಳನ್ನು ಅಳೆದು 2014ರಲ್ಲಿ ‘ನೇಚರ್’ನಲ್ಲಿ ಪ್ರಕಟವಾದ ಅಧ್ಯಯನವೂ ಹೆಚ್ಚಿನ ಜಾತಿಗಳಲ್ಲಿ ಮರ ದೊಡ್ಡದಾದಷ್ಟೂ ವರ್ಷಕ್ಕೆ ಅದು ಕೂಡಿಸುವ ತೂಕ ಹೆಚ್ಚುತ್ತಲೇ ಹೋಗುತ್ತದೆ ಎಂದು ಕಂಡುಕೊಂಡಿತು. ‘ಹಳೆಯ ಮರದ ಬೆಳವಣಿಗೆ ಮುಗಿದಿದೆ, ಎಳೆಯದನ್ನು ನೆಟ್ಟರೆ ಲಾಭ’ ಎಂಬ ವಾದ ಇದರ ಎದುರು ನಿಲ್ಲುವುದಿಲ್ಲ. ಸಸಿ ನೆಡುವುದು ಬೇಡವೆಂದಲ್ಲ, ನೆಡಲೇಬೇಕು. ಅದರಿಂದ ನಷ್ಟ ತುಂಬುತ್ತದೆ ಎಂದು ಬರೆದುಕೊಳ್ಳುವುದು ಸರಿಯಲ್ಲ.

ಮುಂದೆ ಏನಾಗಬಹುದು?

ಹೆದ್ದಾರಿಗಳ ಕೆಲಸ ನಿಲ್ಲುವುದಿಲ್ಲ, ಹೊಸ ರಸ್ತೆಗಳೂ ಬರುತ್ತವೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಐವತ್ತಕ್ಕಿಂತ ಜಾಸ್ತಿ ಮರ ಕಡಿಯುವಾಗ ಸಾರ್ವಜನಿಕರ ಆಕ್ಷೇಪ ಕೇಳಬೇಕು. ಆ ಹಂತದಲ್ಲಿ ‘ಮರ ಉಳಿಸಿ’ ಎಂದಷ್ಟೇ ಬರೆದರೆ ಅರ್ಜಿ ಕಡತ ಸೇರುತ್ತದೆ. ಯಾವ ಜಾತಿಯ ಮರ, ಸುತ್ತಳತೆ ಎಷ್ಟು, ಯಾವ ತಿಂಗಳಲ್ಲಿ ಎತ್ತುತ್ತೀರಿ, ಬೇರಿನ ಸುತ್ತ ಎಷ್ಟು ಮುಂಚೆ ಅಗೆದು ಹೊಸ ಬೇರು ಬರಲು ಬಿಡುತ್ತೀರಿ, ಎರಡು ಬೇಸಿಗೆ ನೀರು ಹಾಕುವವರು ಯಾರು ಎಂದು ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ. ಗುತ್ತಿಗೆದಾರರಿಗೆ ಹಣ ಕೊಡುವ ಷರತ್ತೂ ಬದಲಾಗಬೇಕು. ನೆಟ್ಟ ದಿನದ ಲೆಕ್ಕಕ್ಕೆ ಪೂರ್ತಿ ಹಣ ಕೊಡುವ ಬದಲು ಒಂದು ಪಾಲನ್ನು ಮೂರು ಮಳೆಗಾಲ ಕಳೆಯುವವರೆಗೆ ತಡೆಹಿಡಿಯಬಹುದು. ಎತ್ತುವ ಮೊದಲು ಪ್ರತಿ ಮರದ ಕಾಂಡಕ್ಕೆ ಎದೆಯೆತ್ತರದಲ್ಲಿ ಬಣ್ಣದ ಗುರುತು ಹಾಕಿ ಸುತ್ತಳತೆ ಬರೆದಿಡಲಿ, ಮೂರನೇ ಮಳೆಗಾಲದ ಕೊನೆಗೆ ಅದೇ ಗುರುತಿನಲ್ಲಿ ಮತ್ತೆ ಅಳೆಯಲಿ. ಚಿಗುರು ಕೂಡಿಟ್ಟ ಪಿಷ್ಟದಿಂದಲೂ ಬರುತ್ತದೆ. ಮೂರು ಮಳೆಗಾಲದಲ್ಲಿ ಸುತ್ತಳತೆ ಹೆಚ್ಚಿದೆ ಎಂದರೆ ಮಾತ್ರ ಕ್ಯಾಂಬಿಯಂ ಮತ್ತೆ ಕೆಲಸಕ್ಕೆ ಹತ್ತಿದೆ ಎಂದು ನಂಬಬಹುದು, ತಡೆಹಿಡಿದ ಹಣವನ್ನು ಆಗ ಕೊಡಲಿ.